ಜಾತಿನಾಯಿಯ ಇಂಗ್ಲಿಷ್

ನಮ್ಮ ಶಿರಸಿಯಲ್ಲಿ ಇಂಗ್ಲಿಷ್ ಕೇಳುವ ಆಸೆಯಾದರೆ ನೀವು ಕಾಲೇಜಿನವರೆಗೆ ಹೋಗಬೇಕಾಗಿಲ್ಲ, ಬೆಳಗಿನ ಹೊತ್ತು ನಮ್ಮ ಬಡಾವಣೆಯಲ್ಲಿ ನಾಯಿ ಹಿಡಿದು ತಿರುಗಾಡುವವರ ಹಿಂದೆ ನಾಲ್ಕು ಹೆಜ್ಜೆ ಹಾಕಿದರೆ ಸಾಕು. ದೇವರಿಗೆ ಸಂಸ್ಕೃತ, ಹೆಂಡತಿಗೆ ಮನೆಮಾತು, ಅಂಗಡಿಯವನಿಗೆ ಕನ್ನಡ ಎಂದು ಅಚ್ಚುಕಟ್ಟಾಗಿ ಭಾಷೆಗಳನ್ನು ಹಂಚಿಕೊಟ್ಟಿರುವ ಮನುಷ್ಯ, ಸರಪಳಿಯ ತುದಿಯಲ್ಲಿ ವಿದೇಶಿ ತಳಿಯೊಂದು ಬಂದು ನಿಂತಿತೆಂದರೆ ‘ಸಿಟ್’, ‘ಕಮ್’ ಎಂದು ಶುರುಮಾಡುತ್ತಾನೆ. ಬೀದಿಯ ಕಂತ್ರಿಗೆ ಮಾತ್ರ ಅಪ್ಪಟ ಕನ್ನಡದ ‘ಹಚಾ’. ‘ಕಂತ್ರಿ’ ಎಂಬುದು ‘ಕಂಟ್ರಿ’ ಎಂಬ ಇಂಗ್ಲಿಷ್ ಪದದ ತದ್ಭವವಂತೆ. ಪಾಪ, ಇಂಗ್ಲಿಷ್ ಹೆಸರು ಹೊತ್ತದ್ದಕ್ಕೆ ಕನ್ನಡದ ಬೈಗುಳ. ‘ಜಾತಿ’ ಎಂಬ ಸಂಸ್ಕೃತದ ಬಿರುದು ಹೊತ್ತದ್ದಕ್ಕೆ ಇಂಗ್ಲಿಷಿನ ಉಪಚಾರ. ಜೀವಮಾನವೆಲ್ಲ ಹೈಸ್ಕೂಲಿನಲ್ಲಿ ಕನ್ನಡ ವ್ಯಾಕರಣ ಕಲಿಸಿದ ನನಗೂ ಈ ಸಂಧಿ ಬಿಡಿಸಲು ಬಂದಿಲ್ಲ.

ಪಕ್ಕದ ಮನೆಯ ಗಜಾನನ ಪಂಪ್‌ಸೆಟ್ಟಿನ ಅಂಗಡಿ ಇಟ್ಟುಕೊಂಡಿರುವ ಸಾಧು ಮನುಷ್ಯ. ಬಡಾವಣೆಯಲ್ಲಿ ಒಂದೆರಡು ಕಳ್ಳತನವಾದ ಮೇಲೆ ಅವನೊಂದು ರಾಟ್‌ವೀಲರ್ ಮರಿ ತಂದ. ಶ್ರಾದ್ಧದ ದಿನ ಭಟ್ಟರು ಕೇಳಿದರೆ ನನ್ನ ನಾಲಗೆ ಮುತ್ತಜ್ಜನ ಹೆಸರಿನ ಆಚೆ ಹೊರಳುವುದಿಲ್ಲ. ಆ ಮರಿಗಾದರೋ ಅಪ್ಪ, ಅಜ್ಜ, ಮುತ್ತಜ್ಜರ ಜೊತೆಗೆ ಅವರೆಲ್ಲ ಗೆದ್ದ ಪದಕಗಳನ್ನೂ ನಮೂದಿಸಿದ ವಂಶಾವಳಿಯಿತ್ತು. ಟೈಗರ್ ಎಂದು ಹೆಸರಿಟ್ಟರು. ಅದು ನೋಡುನೋಡುತ್ತ ಎಮ್ಮೆಕರುವಿನಷ್ಟಾಯಿತು. ಕಳ್ಳರು ಹೆದರಿದರೋ ಇಲ್ಲವೋ ತಿಳಿಯದು, ಗಜಾನನ ಮಾತ್ರ ಹೆದರಿದ. ಗೇಟಿನ ಪಕ್ಕದ ಸರಪಳಿಯಿಂದ ಅದನ್ನು ಬಿಚ್ಚುವುದನ್ನೇ ನಿಲ್ಲಿಸಿದ. ಅನ್ನದ ಬಟ್ಟಲನ್ನು ದೂರದಿಂದ ಕೋಲಿನಲ್ಲಿ ದೂಡುತ್ತಿದ್ದ. ಅದು ಸಂತೋಷದಿಂದ ನೆಗೆದರೆ ‘ನೋ’, ಬೊಗಳಿದರೆ ‘ನೋ’, ಬಟ್ಟಲು ಹತ್ತಿರವಾಗುತ್ತಿದ್ದಂತೆ ‘ನೋ, ನೋ’. ಮರಿಯಿದ್ದಾಗ ಕಲಿಸಿದ ಇಂಗ್ಲಿಷೆಲ್ಲ ಕರಗಿ ಕರಗಿ ಕೊನೆಗೆ ಈ ಒಂದೇ ಅಕ್ಷರ ಉಳಿದಿತ್ತು.

ಒಂದು ದಿನ ಹಾಲು ಕೊಡುವ ವಾನಳ್ಳಿಯ ಮಂಜ ಗೇಟು ತೆಗೆದಾಗ ಅದು ಸರಪಳಿಯ ಕೊಂಡಿಯನ್ನೇ ಕಿತ್ತುಕೊಂಡು ಬಂದು ಅವನ ಮೀನಖಂಡಕ್ಕೆ ಬಾಯಿ ಹಾಕಿತು. ಹೊಲಿಗೆ ಬಿದ್ದವು. ಗಜಾನನನೇ ಮಂಜನನ್ನು ಆಸ್ಪತ್ರೆಗೆ ಒಯ್ದು, ದಿನವೂ ಮನೆಗೆ ಹೋಗಿ ವಿಚಾರಿಸಿ, ನಾಚಿಕೆಯಿಂದ ಅರ್ಧವಾದ. ‘ಅದರ ರಕ್ತದಲ್ಲೇ ಇದ್ದು, ನೀ ಎಂತ ಮಾಡುಲಾಗ್ತು’ ಎಂದು ಊರು ಸಮಾಧಾನ ಹೇಳಿತು. ಯಾರಿಗಾದರೂ ಕೊಟ್ಟುಬಿಡೋಣವೆಂದರೆ ದಾಸನಕೊಪ್ಪದ ಪರಿಚಯದವರೊಬ್ಬರು, ‘ಇದರ ಮಾರಿ ನೋಡಿದ್ರ ಅಂಜಿಕಿ ಬರ್ತೈತ್ರಿ, ನಮಗ ಬ್ಯಾಡ್ರಿ’ ಎಂದು ಕೈಮುಗಿದರು. ಉಳಿದದ್ದು ಯಲ್ಲಾಪುರದ ದಾರಿಯ ಕಾಡು. ಅಲ್ಲಿ ಬಿಟ್ಟ ನಾಯಿಯ ಗತಿ ನಮಗೆಲ್ಲ ಗೊತ್ತು. ಚಿರತೆಗೆ ನಾಯಿಯೆಂದರೆ ಹೋಳಿಗೆ.

‘ಒಬ್ಬಂಗೇ ಧೈರ್ಯ ಇಲ್ಲೆ ಮಾಸ್ತರೇ, ಜೊತಿಗೆ ಬನ್ನಿ’ ಎಂದ ಗಜಾನನ. ಕಂತ್ರಿ ಕಂಡರೂ ಕೊಡೆ ಬಿಚ್ಚುವ ನನ್ನನ್ನು ಧೈರ್ಯಕ್ಕೆಂದು ಕರೆಯುವಷ್ಟು ಅವನು ಸೋತಿದ್ದ. ಕಾರಿನ ಮುಂದಿನ ಸೀಟಿನಲ್ಲಿ ನಾನು ಕೂತೆ, ಅನ್ನದ ಬಟ್ಟಲಿನ ಆಸೆಗೆ ಹಿಂದಿನ ಸೀಟು ಹತ್ತಿ ನನ್ನ ಕತ್ತಿನ ಹಿಂದೆ ಅದು ಕೂತಿತು. ಗೇಟಿನಾಚೆಯ ಲೋಕವನ್ನು ಅದು ಕಂಡು ಯಾವ ಕಾಲವಾಗಿತ್ತೋ, ಕಿಟಕಿಯಿಂದ ಮೂಗು ಹೊರಹಾಕಿ ದಾರಿಯುದ್ದಕ್ಕೂ ಗಾಳಿ ಕುಡಿಯಿತು. ಅರ್ಧ ದಾರಿಯಲ್ಲಿ ದಣಿದು ತನ್ನ ಭಾರವಾದ ಗದ್ದವನ್ನು ನನ್ನ ಹೆಗಲ ಮೇಲೆ ಇಳಿಸಿತು. ನಾನು ಬರುವ ಸ್ತೋತ್ರಗಳನ್ನೆಲ್ಲ ಮನಸ್ಸಿನಲ್ಲೇ ಹೇಳಿ ಮುಗಿಸಿದೆ. ಸ್ತೋತ್ರ ಮುಗಿದರೂ ಗದ್ದ ಅಲ್ಲೇ ಇತ್ತು, ಅಂಗಿ ಜೊಲ್ಲಿನಿಂದ ಒದ್ದೆಯಾಗಿತ್ತು, ಮತ್ತು ನನಗೆ ಹೆದರಿಕೆ ಹೋಗಿ ಬಹಳ ದುಃಖವಾಗತೊಡಗಿತ್ತು.

ಕಾಡಂಚಿನಲ್ಲಿ ಕಾರು ನಿಲ್ಲಿಸಿ ಗಜಾನನ ಸರಪಳಿ ಬಿಚ್ಚಿದ. ‘ಟೈಗರ್, ಗೋ’ ಎಂದ. ಟೈಗರ್ ಯಾರಿರಬಹುದೆಂದು ಅದೂ ಅತ್ತಿತ್ತ ನೋಡಿತು. ಆಮೇಲೆ ಪೊದೆ ಮೂಸುತ್ತ, ರಸ್ತೆಯ ನಡುವಿಗೆ ಹೋಗಿ ನಿಂತಿತು. ಅಷ್ಟರಲ್ಲಿ ತಿರುವಿನಿಂದ ಬಸ್ಸೊಂದು ಬಂತು. ಬಿಟ್ಟುಬರಲೆಂದೇ ತಂದವನು ತಾನು ಎಂಬುದು ಮರೆತುಹೋಗಿ ಗಜಾನನ ‘ನೋ, ನೋ’ ಎಂದು ಕೂಗಿದ. ಅದು ಗಕ್ಕನೆ ತಿರುಗಿತು. ಊಟಕ್ಕೆ ಕರೆದವರ ಹಾಗೆ ಓಡಿಬಂದು ಅವನ ಮೊಣಕಾಲುಗಳ ನಡುವೆ ತಲೆಯಿಟ್ಟು, ತಳಿಯ ಶೋಭೆಗೆಂದು ಯಾರೋ ಕತ್ತರಿಸಿ ಉಳಿಸಿದ್ದ ಬಾಲದ ತುಂಡನ್ನು ಆಡಿಸತೊಡಗಿತು. ಗಜಾನನ ಎರಡೂ ಕೈ ಮೇಲೆತ್ತಿ ನಿಂತಿದ್ದ. ಸ್ವಲ್ಪ ಹೊತ್ತಿಗೆ ಒಂದು ಕೈ ಇಳಿದು ಅದರ ತಲೆಯ ಮೇಲೆ ಕೂತಿತು.

‘ತನ್ನ ಹೆಸರು “ನೋ” ಹೇಳೇ ತಿಳ್ಕಂಜು ಮಾಸ್ತರೇ’ ಎಂದ. ಕಾರಿನ ಹಿಂಬಾಗಿಲು ತೆಗೆದ. ಅದು ಹತ್ತಿ ಕೂತಿತು. ಮೂವರೂ ಶಿರಸಿಗೆ ವಾಪಸು ಬಂದೆವು.

ರಕ್ತದ ಮಾತು ಸುಳ್ಳೆಂದು ನಾನು ವಾದಿಸುವುದಿಲ್ಲ. ಆ ದವಡೆ ಪದಕ ಗೆದ್ದ ಅಜ್ಜಂದಿರದೇ. ಅದಕ್ಕೇ ಇಂದಿಗೂ ಬೀದಿಗೆ ಹೊರಟಾಗ ಅದರ ಬಾಯಿಗೆ ಕುಕ್ಕೆ ಇರುತ್ತದೆ, ಮಂಜ ಗಜಾನನನ ಪಾಲಿನ ಹಾಲನ್ನೂ ನಮ್ಮ ಮನೆಯಲ್ಲೇ ಇಟ್ಟು ಹೋಗುತ್ತಾನೆ, ಅವನ ಕಾಲಿನ ಗಾಯ ಕಂಡವರು ಅದನ್ನು ತಪ್ಪೆನ್ನಲಾರರು. ಆದರೆ ಆ ದವಡೆಯ ಹಿಂದಿದ್ದ ದಿಗಿಲು ಅಜ್ಜಂದಿರ ಆಸ್ತಿಯಲ್ಲ, ಅದು ಗೇಟಿನ ಪಕ್ಕದ ಸರಪಳಿಯಲ್ಲಿ ನಮ್ಮ ಬಡಾವಣೆಯಲ್ಲೇ ಬೆಳೆದದ್ದು.

ಈಗ ಅದರ ಊಟದ ಉಸ್ತುವಾರಿ ಗಜಾನನನ ಹೆಂಡತಿ ವೇದಾಳದ್ದು. ಅವಳು ಇಂಗ್ಲಿಷಿನ ಗೊಡವೆಗೆ ಹೋಗದೆ, ಕೋಲನ್ನೂ ಹಿಡಿಯದೆ, ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ‘ತಮಾ, ಊಟ ಆತನೋ?’ ಎನ್ನುತ್ತಾಳೆ. ಮಾತಿನ ಕೊನೆಯಲ್ಲಿ ತನ್ನ ಹೆಸರು ಕೇಳಿ ಅದಕ್ಕೆ ಆನಂದವೋ ಆನಂದ. ಇಂಗ್ಲಿಷಿನಲ್ಲಿ ನಿಷೇಧವಾಗಿರುವ ಅಕ್ಷರ ನಮ್ಮಲ್ಲಿ ಸಲಿಗೆಯ ಪ್ರತ್ಯಯವೆಂದು ವ್ಯಾಕರಣದ ಮಾಸ್ತರನಾದ ನನಗೆ ಹೊಳೆದಿರಲಿಲ್ಲ.

ಬೆಳಗಿನ ತಿರುಗಾಟದಲ್ಲಿ ಮಿಕ್ಕ ಜಾತಿನಾಯಿಗಳು ಈಗಲೂ ಇಂಗ್ಲಿಷ್ ಕೇಳುತ್ತ ಸಾಗುತ್ತವೆ. ಗಜಾನನ ಮಾತ್ರ ಮನೆಮಾತಿನಲ್ಲಿ ಅದಕ್ಕೆ ಅಂಗಡಿಯ ಸುದ್ದಿ ಹೇಳುತ್ತಾನೆ. ನಿನ್ನೆ ಅದು ಕಾಂಪೌಂಡಿನ ಮೇಲೆ ಮುಂಗಾಲೂರಿ ನನ್ನನ್ನೇ ನೋಡುತ್ತಿತ್ತು. ‘ಹಚಾ’ ಎನ್ನಲು ಬಾಯಿ ತೆರೆದವನು, ‘ಏನೋ’ ಎಂದೆ. ಬಾಲದ ತುಂಡು ಆಡಿತು. ನಾನು ಕೊಡೆಯನ್ನು ಗೋಡೆಗೆ ಒರಗಿಸಿ ಹತ್ತಿರ ಹೋದೆ.