ಸುಮ್ಮನೆ ಹೊರಟ ಭಾನುವಾರ

ಪುರವಣಿಯೊಂದರಲ್ಲಿ ಪ್ರವಾಸಕಥನ ಓದುತ್ತಿದ್ದೆ. ಬರೆದಾಕೆ ಯುರೋಪಿನ ಪ್ರಾಗ್ ನಗರದಲ್ಲಿ ಗೊತ್ತುಗುರಿಯಿಲ್ಲದೆ ಇಡೀ ದಿನ ಒಬ್ಬಳೇ ಅಲೆದಳಂತೆ. ಸೇತುವೆಯ ಮೇಲೆ ನಿಂತು ಮನದಣಿಯೆ ನದಿ ನೋಡಿದಳಂತೆ. ಯಾಕೆ ಬಂದೆ ಎಂದು ಒಂದು ನರಪಿಳ್ಳೆಯೂ ಕೇಳಲಿಲ್ಲವಂತೆ. ಯಾದಗಿರಿಯ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಭೂಗೋಳ ಕಲಿಸುತ್ತ, ಯುರೋಪಿನ ಸಮಸ್ತ ನದಿಗಳನ್ನೂ ಕರಿಹಲಗೆಯ ಮೇಲೆ ನಿರಾಯಾಸವಾಗಿ ಹರಿಸಬಲ್ಲ ನಾನು, ಒಬ್ಬಳೇ ಶಹಾಪುರವನ್ನೂ ದಾಟಿದವಳಲ್ಲ. ನಮ್ಮ ಯಜಮಾನರು ತೀರಿಕೊಂಡು ಎಂಟು ತಿಂಗಳಾಗಿತ್ತು. ಮಕ್ಕಳಿಲ್ಲದ ಮನೆಯಲ್ಲಿ ಭಾನುವಾರವೆಂಬುದು ಎಷ್ಟು ಉದ್ದವಿರುತ್ತದೆಂದು ಯಾವ ನಕಾಶೆಯೂ ತೋರಿಸುವುದಿಲ್ಲ. ಪುರವಣಿ ಮಡಚಿಟ್ಟು, ಚೀಲಕ್ಕೆ ನೀರಿನ ಬಾಟಲಿ ಹಾಕಿಕೊಂಡು, ಸೀದಾ ಬಸ್ ನಿಲ್ದಾಣಕ್ಕೆ ನಡೆದೆ.

ಭೀಮಾ ನದಿಯ ಸೇತುವೆ ಬರುವ ಮೊದಲೇ ಪಕ್ಕದ ಸೀಟಿನ ಮುದುಕಿ ವಿಚಾರಣೆ ಆರಂಭಿಸಿದಳು.

"ಯಾರ ಮನಿಗಿ ಹೊಂಟೀರಿ?"

"ಯಾರ ಮನಿಗೂ ಇಲ್ಲ. ಸುಮ್ನ."

"ಸುಮ್ನ ಯಾರರ ಬಸ್ ಹತ್ತತಾರೇನ್ರಿ?" ಎಂದವಳೇ ತನ್ನ ಗಂಟನ್ನು ಮಡಿಲಿಗೆ ಎಳೆದುಕೊಂಡು ಅಷ್ಟು ದೂರ ಸರಿದಳು.

ಶಹಾಪುರದಲ್ಲಿ ಮಲಗಿದ ಬುದ್ಧನಂತಿರುವ ಗುಡ್ಡವನ್ನು ನೋಡುತ್ತ ಚಹಾ ಕುಡಿದೆ. ಚಹಾದವನೂ ಅದನ್ನೇ ಕೇಳಿದ. ಸುರಪುರದಲ್ಲಿ ಬುದ್ಧಿವಂತಳಾಗಿ ನಾದಿನಿಯ ಮನೆಗೆ ಎಂದು ಸುಳ್ಳು ಹೇಳಿದೆ. ಹಣ್ಣಿನಂಗಡಿಯವನು ಯಾವ ಓಣಿ ಎಂದ. ಇಲ್ಲದ ನಾದಿನಿಗೆ ಓಣಿ ಎಲ್ಲಿಂದ ತರಲಿ, ನೀವೇ ಹೇಳಿ. ಎದುರಿಗೆ ನಿಂತಿದ್ದ ತಿಂಥಣಿಯ ಬಸ್ಸು ಹತ್ತಿ ಪಾರಾದೆ.

ತಿಂಥಣಿಯಲ್ಲಿ ಮೌನೇಶ್ವರನಿಗೆ ಕೈಮುಗಿದು ಕೃಷ್ಣೆಯ ದಂಡೆಗೆ ಇಳಿದೆ. ಹೊಳೆ ತುಂಬಿ ಹರಿಯುತ್ತಿತ್ತು. ಚಪ್ಪಲಿ ಬಿಟ್ಟು, ಚೀಲವನ್ನು ದೂರವಿಟ್ಟು, ನೀರಿಗೆ ಹತ್ತಿರದ ಕಲ್ಲಿನ ಮೇಲೆ ಕುಳಿತೆ. ಏನನ್ನೂ ಯೋಚಿಸುತ್ತಿರಲಿಲ್ಲ ಎಂದು ಈಗ ಹೇಳಬಹುದು. ಆಗ ಏನಿತ್ತೋ ಮನಸ್ಸಿನಲ್ಲಿ, ನನಗೂ ನಿಶ್ಚಯವಿಲ್ಲ.

ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಹಿಂಡುತ್ತಿದ್ದ ಸೀರೆಯನ್ನು ಅರ್ಧಕ್ಕೇ ಬಿಟ್ಟು ಬಂದು ನನಗೆ ತಾಗಿಕೊಂಡೇ ಕುಳಿತಳು. ಶರಣಮ್ಮ ಎಂದು ಹೆಸರು ಹೇಳಿದಳು.

"ಒಬ್ಬಾಕಿನ ಬಂದೀರೇನ್ರಿ? ಮನ್ಯಾಗ ಹೇಳಿ ಬಂದೀರಿ?"

"ಹೇಳಾಕ ಮನ್ಯಾಗ ಯಾರೂ ಇಲ್ಲವ್ವ," ಎಂದೆ, ಮಾತು ಅಲ್ಲಿಗೇ ಮುಗಿಯಲೆಂದು.

ಆಕೆ ನನ್ನ ಮುಂಗೈ ಹಿಡಿದುಕೊಂಡಳು. ಇನ್ನೊಂದು ಕೈಯಲ್ಲೇ ಬುತ್ತಿ ಬಿಚ್ಚಿ, ಜೋಳದ ರೊಟ್ಟಿ ಮುರಿದು ಕೊಟ್ಟಳು. ನಾನು ತಿಂದು ಮುಗಿಸುವವರೆಗೂ ಹಿಡಿದ ಕೈ ಬಿಡಲಿಲ್ಲ.

"ಹ್ವಾದ ವರ್ಷ ಒಬ್ಬಾಕಿ ಇಲ್ಲೇ ಕುಂತಿದ್ಳರಿ, ನಿಮ್ಮಂಗ ಚಪ್ಪಲಿ ಬಿಟ್ಟು. ಛಲೋ ಮನಿ ಹೆಂಗಸು ಕಂಡಂಗ ಕಂಡ್ಳು. ನಾ ಏನ್ ಕೇಳೂದು ಅಂತ ಬಟ್ಟಿ ತೊಳಕೊಂಡು ಹೋಗಿಬಿಟ್ಟೆ." ಶರಣಮ್ಮ ನೀರಿನ ಕಡೆ ನೋಡುತ್ತಿರಲಿಲ್ಲ. "ಸಂಜಿಕ ಮಂದಿ ದಂಡಿಗುಂಟ ಓಡ್ಯಾಡಾಕತ್ತಿದ್ರು. ಆಗ ತಿಳೀತು. ಯಾರ ಮನಿಗಿ ಬಂದೀಯವ್ವ ಅಂತ ಒಂದ ಮಾತ ಕೇಳಿದ್ದರ, ಆಕಿ ಏನರ ಹೇಳತಿದ್ದಳೇನೋ."

ಬೆಳಗಿನಿಂದ ನಾನು ಯಾವ ಪ್ರಶ್ನೆಯಿಂದ ಓಡುತ್ತ ಬಂದಿದ್ದೆನೋ, ಅದನ್ನು ಕೇಳದೇ ಹೋದ ಸಂಕಟವನ್ನು ಈಕೆ ಒಂದು ವರ್ಷದಿಂದ ಹೊತ್ತಿದ್ದಳು. ನಾನು ಅದಕ್ಕೆ ಬಂದವಳಲ್ಲ ಎನ್ನಲು ಬಾಯಿ ತೆರೆದೆ. ಎಂಟು ತಿಂಗಳಲ್ಲಿ ಯಾರೆದುರೂ ಅಳದಿದ್ದವಳು ಗುರುತಿಲ್ಲದ ಆಕೆಯ ಒದ್ದೆ ಸೆರಗು ಹಿಡಿದು ಅತ್ತೆ. ಆಸ್ಪತ್ರೆಯ ಕೊನೆಯ ದಿನಗಳನ್ನೆಲ್ಲ ಹೇಳಿಕೊಂಡೆ. ಆಕೆ ಸಮಾಧಾನದ ಮಾತೇನೂ ಆಡಲಿಲ್ಲ, ಹೂಂ ಎನ್ನುತ್ತ ಕೇಳಿದಳು.

ಬಸ್ಸಿನವರೆಗೂ ಬಂದು, ನನ್ನ ಮೊಬೈಲಿನಲ್ಲಿ ತನ್ನ ನಂಬರ್ ಬರೆಸಿದಳು. "ಮನಿ ಮುಟ್ಟಿದ ಕೂಡ್ಲೆ ಫೋನ್ ಮಾಡ್ರಿ, ಅಕ್ಕೋರ. ಮರೀಬ್ಯಾಡ್ರಿ."

ದೀಪ ಹಚ್ಚುವ ಹೊತ್ತಿಗೆ ಯಾದಗಿರಿ ಸೇರಿದೆ. ಬೀಗ ತೆಗೆದು, ಕಾಲು ತೊಳೆದು, ಕತ್ತಲಲ್ಲೇ ನಿಂತು ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದಳು.

"ಮುಟ್ಟೀರೇನ್ರಿ?"

"ಮುಟ್ಟೀನವ್ವ."



"ಹಂಗಾರ ನಾ ಇನ್ನ ಉಣ್ತೀನ್ರಿ," ಎಂದಳು.