ಆರ್ವಿಡ್ ಹೇಳಿದ ಎರಡು

ಉತ್ತರ ಮೊಂಟಾನಾದ ಗೋಧಿ ಬಯಲಲ್ಲಿ ಅರವತ್ತೊಂದು ವರ್ಷ ಬಾಳಿದ ಆರ್ವಿಡ್ ತ್ವೇಟ್ ಬಾಯಿಬಿಟ್ಟು ನೋವು ಎಂದದ್ದನ್ನು ಹೆಂಡತಿ ಲವರ್ನ್ ಕೇಳಿಯೇ ಇರಲಿಲ್ಲ. ನಾರ್ವೆಯಿಂದ ಬಂದ ಅಜ್ಜನ ಕಾಲದಿಂದಲೂ ಆ ಮನೆತನದ ಜಾಯಮಾನವೇ ಅದು. ಆಲಿಕಲ್ಲು ಬೆಳೆಯನ್ನು ನೆಲಕ್ಕೆ ಹಾಸಿದರೂ 'ಪರವಾಗಿಲ್ಲ', ಮದುವೆಯೂಟ ರುಚಿಕಟ್ಟಾಗಿದ್ದರೂ 'ಪರವಾಗಿಲ್ಲ'.

ಆ ಅಕ್ಟೋಬರಿನಲ್ಲಿ ಗೋಧಿ ಲಾರಿಯೊಂದು ಅವನ ಪಿಕಪ್ಪಿಗೆ ಗುದ್ದಿತು. ಮೊಣಕಾಲಿಗೆ ಬಿದ್ದ ಏಟಿಗೆ ತೊಡೆಮೂಳೆಯ ತುದಿಯ ಗುಂಡು ಸೊಂಟದ ಕೀಲಿನ ಬಟ್ಟಲನ್ನು ಒಡೆದುಕೊಂಡು ಹಿಂದಕ್ಕೆ ಜಾರಿತು. ನಗರದ ಆಸ್ಪತ್ರೆಯಲ್ಲಿ ಅಂದೇ ಕಾಲೆಳೆದು ಗುಂಡನ್ನು ಒಳಗೆ ಕೂರಿಸಿದರು. ಮೂರನೆಯ ದಿನ ಡಾಕ್ಟರ್ ಪಲಾಸಿಯೋಸ್ ಐದು ತಾಸು ನಿಂತು ಬಟ್ಟಲಿನ ಚೂರುಗಳನ್ನು ಒಂದೊಂದಾಗಿ ಹೊಂದಿಸಿ, ಲೋಹದ ಪಟ್ಟಿಯಿಟ್ಟು ತಿರುಪು ಬಿಗಿದಳು.

"ಕಾಲಿನ ದೊಡ್ಡ ನರ ಈ ಬಟ್ಟಲಿನ ಪಕ್ಕದಲ್ಲೇ ಹೋಗುತ್ತೆ," ಎಂದು ಗಂಡಹೆಂಡಿರಿಗೆ ಹೇಳಿದಳು. "ನೋವು ಏರಿದ್ರೆ, ಪಾದ ಎತ್ತೋಕಾಗ್ದಿದ್ರೆ ತಕ್ಷಣ ಹೇಳ್ಬೇಕು. ತಡ ಆದ್ರೆ ಆ ಪಾದ ಮತ್ತೆ ಏಳದೇ ಹೋಗ್ಬಹುದು."

ಮರುದಿನ ಬೆಳಿಗ್ಗೆ ಕಾಲ್ಬೆರಳು ಚೆನ್ನಾಗಿಯೇ ಆಡಿತು. ಮಧ್ಯಾಹ್ನ ನರ್ಸು ಟಮೀಕಾ ಬಂದಳು.

"ಹತ್ತಕ್ಕೆ ಎಷ್ಟಿದೆ ನೋವು?"

"ಎರಡು."

"ಪಾದ?"

"ಪರವಾಗಿಲ್ಲ."

ಟಮೀಕಾ ಬರೆದುಕೊಳ್ಳಲು ಹೊರಟಳು. ಲವರ್ನಳ ಕಣ್ಣು ಗಂಡನ ಮುಷ್ಟಿಯ ಮೇಲಿತ್ತು. ಹಾಸಿಗೆಯ ಬಟ್ಟೆ ಅದರೊಳಗೆ ಮುದ್ದೆಯಾಗಿತ್ತು.

"ನಿಲ್ಲಮ್ಮ. ಹೋರಿ ಗುದ್ದಿ ಮೂರು ಪಕ್ಕೆಲುಬು ಮುರಿದಾಗ ಈ ಮಹಾರಾಯ 'ಒಂದು' ಅಂದು ಬೇಲಿ ಕಟ್ಟೋಕೆ ಹೋಗಿದ್ದ. ಈಗ ಎರಡಂತೆ!"

"ಸುಮ್ನಿರೇ, ಅವರಿಗೆ ಬೇರೆ ಕೆಲಸ ಇರುತ್ತೆ."

"ಕಾಲಿನ ಹೆಬ್ಬೆರಳು ಎತ್ತು," ಎಂದಳು ಲವರ್ನ್.

"ಬೆಳಿಗ್ಗೆ ಎತ್ತಿದ್ನಲ್ಲ."

"ಈಗ ಎತ್ತೋ, ಮೊಂಡ!"

ಬೆರಳು ಮಿಸುಕಲಿಲ್ಲ. ಟಮೀಕಾ ಓಡಿದಳು.

ತಾಸು ಕಳೆಯುವುದರೊಳಗೆ ಗಾಯವನ್ನು ಮತ್ತೆ ಬಿಚ್ಚಿದರು. ಹೆಪ್ಪುಗಟ್ಟಿದ ರಕ್ತ ನರವನ್ನು ಅಮುಕಿ ಹಿಡಿದಿತ್ತು. ಅದನ್ನು ತೆಗೆದು ತೊಳೆದರು. ನರ ಚೇತರಿಸಿಕೊಳ್ಳುತ್ತದೋ ಇಲ್ಲವೋ ಹೇಳಲಾರೆ, ಕಾಯಬೇಕು ಎಂದಳು ಡಾಕ್ಟರ್.

ಲವರ್ನ್ ನಾಲ್ಕು ದಿನ ಮಂಚದ ಕಾಲ್ದೆಸೆಯಲ್ಲಿ ಕುಳಿತಳು. ಆರ್ವಿಡ್ ಬೆವರುತ್ತಿದ್ದ, ಹಲ್ಲು ಕಚ್ಚಿ, ಬೆರಳೆತ್ತಲು ನೋಡುತ್ತಿದ್ದ. ಐದನೆಯ ದಿನ ಹೆಬ್ಬೆರಳು ಗೋಧಿಕಾಳಿನಷ್ಟು ಮೇಲೆದ್ದು ಬಿದ್ದಿತು.

"ಕಂಡ್ತೇನೇ?" ಎಂದ.

"ಕಂಡ್ತು," ಎಂದಳು ಲವರ್ನ್, ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು. "ಇನ್ನೊಂದ್ಸಲ ಎತ್ತು."