ದಿಂಡಿಗದ ಗುಡ್ಡದ ಲೆಕ್ಕ

ಕಳೆದ ವಾರ ಬೀರು ಖಾಲಿ ಮಾಡುವಾಗ ಅರ್ಧ ಒಣಗಿದ ಗ್ರೀಸಿನ ಡಬ್ಬಿಯೊಂದು ಸಿಕ್ಕಿತು. ಮುಚ್ಚಳ ತೆಗೆದೊಡನೆ ಆ ಜಿಡ್ಡು ವಾಸನೆ... ಮೇಡಂ ನೆನಪಾದರು. ಮರದ ಕಾಂಡದಲ್ಲಿ ನೀರು ಎಷ್ಟು ವೇಗವಾಗಿ ಏರುತ್ತದೆಂದು ಅಳೆಯುವ ಸೂಜಿಗಳಿಗೆ ಅವರು ಆ ಗ್ರೀಸ್ ಹಚ್ಚುತ್ತಿದ್ದರು.

ಕೂಡ್ಲಿಗಿ ಕಡೆಯ ಕುರುಚಲು ಕಾಡಿನಲ್ಲಿ ನಾವಿಬ್ಬರೂ ಕೆಲವು ವರ್ಷ ಒಟ್ಟಿಗೆ ಕೆಲಸ ಮಾಡಿದೆವು. ನನ್ನದು ಕಾಡು ಬೆಳೆಯುವ ಲೆಕ್ಕ: ಮರಗಳ ಸುತ್ತಳತೆ ಹಿಡಿದು, ಮುಂದೆ ಕಾಡು ಎಷ್ಟು ದಟ್ಟವಾಗುತ್ತದೆಂದು ಕಂಪ್ಯೂಟರಿನಲ್ಲಿ ಅಂದಾಜು ಮಾಡುವುದು. ಅವರದು ಒಂದೊಂದು ಮರದ ಒಡಲಿನ ಲೆಕ್ಕ. ಅದು ಎಷ್ಟು ನೀರು ಕುಡಿಯಿತು, ಬಿಸಿಲಿಗೆ ಎಲೆ ಯಾವಾಗ ತನ್ನ ರಂಧ್ರ ಮುಚ್ಚಿಕೊಂಡಿತು...

ಮೇಡಂ ಇಟ್ಟಿಗಿ ಊರಿನವರು. ಒಂದು ದಿನ ನನ್ನ ಪರದೆ ನೋಡಿ, "ನಿನ್ನ ಕಾಡಿನಾಗ ಮರಕ್ಕ ನೀರಡಿಕಿನ ಆಗಂಗಿಲ್ಲಲ್ಲೋ," ಅಂದರು. "ನಂದೂ ನಿಂದೂ ಕೂಡಿಸೋಣ."

ಕೂಡಿಸುವುದು ಸುಲಭವಿರಲಿಲ್ಲ. ಅವರ ಲೆಕ್ಕ ಗಂಟೆಗೊಮ್ಮೆ ನಡೆದರೆ ನನ್ನದು ವರ್ಷಕ್ಕೊಮ್ಮೆ. ಎಷ್ಟೋ ಸಲ ಇಡೀ ಕಾಡು ಪರದೆಯ ಮೇಲೆ ಸತ್ತುಹೋಗುತ್ತಿತ್ತು, ಇಲ್ಲವೇ ಹುಚ್ಚಾಪಟ್ಟೆ ಬೆಳೆಯುತ್ತಿತ್ತು. ಅಷ್ಟರಲ್ಲಿ ಅವರಿಗೆ ಡಯಾಲಿಸಿಸ್ ಶುರುವಾಗಿತ್ತು. ಆಸ್ಪತ್ರೆಯಿಂದ ನೇರ ಬಸ್ಸು ಹಿಡಿದು ಬಂದು, ಪಟ್ಟಿ ಸುತ್ತಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಪಕ್ಕ ಕೂರುತ್ತಿದ್ದರು.

ಕೊನೆಗೆ ಎರಡೂ ಕೂಡಿಕೊಂಡವು. ಬಂದ ಉತ್ತರ ಮಾತ್ರ ಚೆನ್ನಾಗಿರಲಿಲ್ಲ. ಗುಡ್ಡದ ಮೇಲಿನ ದಿಂಡಿಗದ ಮರಗಳ ನಡುವೆ ಒತ್ತೊತ್ತಾಗಿ ಸಸಿ ನೆಟ್ಟರೆ, ಮಳೆ ಸತತವಾಗಿ ಕೈಕೊಟ್ಟಾಗ ನೀರು ಸಾಲದೆ ದೊಡ್ಡ ಮರಗಳೇ ಮೊದಲು ಹೋಗುತ್ತವೆ. ಅರಣ್ಯ ಇಲಾಖೆಯವರು ಅಲ್ಲೇ ಸಸಿ ನೆಡುವ ತಯಾರಿ ನಡೆಸಿದ್ದರು. ಮೇಡಂ ಇಲಾಖೆಯ ಸಭೆಗೆ ಹೋಗಿ ಹೇಳಿದರು.

"ಮರ ಹಸರಾಗೇ ಅದಾವಲ್ರಿ?" ಎಂದರು ಅಧಿಕಾರಿ.

"ನಾನೂ ನಿಮ್ಮೆದುರಿಗೆ ನಿಂತೇ ಅದೀನ್ರಿ," ಅಂದರು ಮೇಡಂ.

ಆದರೂ ಸಸಿಗಳನ್ನು ಒತ್ತಾಗಿಯೇ ನೆಟ್ಟರು. ಸಭೆಯ ದಿನ ಬಸ್ಸಿನಲ್ಲಿ ಹಿಂದಿರುಗುವಾಗ ಅವರು ಕಿಟಕಿಗೆ ತಲೆಯಾನಿಸಿ, "ನಮ್ಮ ಲೆಕ್ಕ ತಪ್ಪಾಗಲಿ ಬಿಡು," ಅಂದಿದ್ದರು. ಮುಂದಿನ ಮಳೆಗಾಲವನ್ನು ಅವರು ನೋಡಲಿಲ್ಲ...

ಆಮೇಲೆ ಮಳೆ ಸತತವಾಗಿ ಕೈಕೊಟ್ಟಿತು; ಲೆಕ್ಕ ತಪ್ಪಾಗಲಿಲ್ಲ. ಮೊನ್ನೆ ಗುಡ್ಡ ಹತ್ತಿದಾಗ ದೊಡ್ಡ ಮರಗಳು ಬಹುಪಾಲು ಒಣಗಿ ನಿಂತಿದ್ದವು. ಅವುಗಳ ನಡುವೆ ಕೂಲಿಯವರು ಮತ್ತೆ ಸಸಿಗೆಂದು ಗುಂಡಿ ತೋಡುತ್ತಿದ್ದರು. ನನಗೆ ಸಿಟ್ಟೂ ಬರಲಿಲ್ಲ, ಬರೀ ಸುಸ್ತು. ಆದರೂ ಹತ್ತಿರ ಹೋಗಿ, "ಗುಂಡಿ ದೂರ ದೂರ ತೆಗೀರಿ," ಅಂದೆ.

"ಯಾರು ಹೇಳ್ಯಾರ್ರಿ?" ಕೇಳಿದ ಮೇಸ್ತ್ರಿ.

"ಮೇಡಂ ಹೇಳ್ಯಾರ."

ಯಾವ ಮೇಡಂ ಎಂದು ಅವನು ಕೇಳಲಿಲ್ಲ. ಗುಂಡಿಯಿಂದ ಗುಂಡಿಗೆ ಹಿಡಿಯುವ ಅಳತೆಯ ಹಗ್ಗವನ್ನು ಬಿಚ್ಚಿ, ಉದ್ದ ಮಾಡತೊಡಗಿದ.